ಹಿತ್ತಲಿಗೆ ಟೈಲ್ಸ್ ಹಾಕಿಸುವ ಮುಂಚೆ

ಚಿರಂಜೀವಿ ಪುಟ್ಟುವಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಮೈಸೂರಿನ ಮನೆಯ ಹಿತ್ತಲಿಗೆಲ್ಲ ಇಂಟರ್‌ಲಾಕ್ ಟೈಲ್ಸ್ ಹಾಕಿಸುತ್ತೀಯಂತೆ, ತರಗೆಲೆ ಗುಡಿಸಿ ಗುಡಿಸಿ ಸಾಕಾಗಿದೆಯಂತೆ. ನಿನ್ನ ಅಮ್ಮ ಹೇಳಿದಳು. ಫೋನಿನಲ್ಲಿ ಬೈದರೆ ಹೂಂ ಹೂಂ ಅಂದು ಮರೆತುಬಿಡುತ್ತೀಯ, ಅದಕ್ಕೇ ಕಾಗದ. ಗಾರೆಯವನಿಗೆ ಅಡ್ವಾನ್ಸ್ ಕೊಟ್ಟಿಲ್ಲ ತಾನೇ?

ಮರ ಊಟ ಮಾಡುವುದು ಬುಡದಲ್ಲಿ ಅಲ್ಲ ಕಣೋ. ಬುಡದ ದಪ್ಪ ಬೇರು ಮರವನ್ನು ಹಿಡಿದು ನಿಲ್ಲಿಸುತ್ತದೆ ಅಷ್ಟೇ. ನೀರು, ಗೊಬ್ಬರ ಎಳೆಯುವ ಸಣ್ಣ ಬೇರುಗಳು ದೂರಕ್ಕೆ ಹರಡಿರುತ್ತವೆ. ಕೊಂಬೆಯ ತುದಿ ಎಲ್ಲಿದೆಯೋ ಅದರ ಕೆಳಗೆ, ಅದರಾಚೆಗೂ. ಅದೂ ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ ಜಾಸ್ತಿ. ಅವಕ್ಕೂ ಗಾಳಿ ಬೇಕು. ಬುಡದ ಸುತ್ತ ಎರಡಡಿ ಬಿಟ್ಟು ಮಿಕ್ಕಿದ್ದಕ್ಕೆಲ್ಲ ಟೈಲ್ಸ್ ಹೊದಿಸಿ, ಆ ಎರಡಡಿಗೆ ದಿನಾ ನೀರು ಹೊಯ್ದರೆ, ಬಾಯಿ ಕಟ್ಟಿ ಬೆನ್ನಿಗೆ ಅನ್ನ ಮೆತ್ತಿದ ಹಾಗೆ.

ಈ ಬುದ್ಧಿ ನನಗೆ ಬಂದಿದ್ದು ಒಂದು ಮರ ಸಾಯಿಸಿದ ಮೇಲೆ. ನಮ್ಮ ಮನೆ ಮುಂದೆ ಸಂಪಿಗೆ ಮರ ಇತ್ತು, ನಿನಗೆ ನೆನಪಿರಲಿಕ್ಕಿಲ್ಲ. ಸಂಜೆ ಕೂರಲು ಚೆನ್ನಾಗಿರುತ್ತದೆ ಅಂತ ಅದಕ್ಕೊಂದು ಕಟ್ಟೆ ಕಟ್ಟಿಸಿದೆ. ಕಟ್ಟೆಯೊಳಗೆ ಎರಡಡಿ ಮಣ್ಣು ತುಂಬಿಸಿದೆ, ಸಾಲದ್ದಕ್ಕೆ ಒಂದು ಗಾಡಿ ಗೊಬ್ಬರ ಬೇರೆ. ನಿಮ್ಮ ದೊಡ್ಡಪ್ಪ ಬೇಡ ಅಂದರು, ನಾನು ಕೇಳಲಿಲ್ಲ. ಮೊದಲ ವರ್ಷ ಏನೂ ಆಗಲಿಲ್ಲ. ಎರಡನೇ ವರ್ಷ ತುದಿಯ ಎಲೆ ಸಣ್ಣದಾಯಿತು, ಕೊಂಬೆ ಒಣಗಲು ಶುರುವಾಯಿತು. ನೀರು ಸಾಲದೇನೋ ಅಂತ ನಾನು ಇನ್ನೂ ನೀರು ಹೊಯ್ದೆ. ಮೂರನೇ ಮಳೆಗಾಲಕ್ಕೆ ಮರ ಹೋಯಿತು. ಕಟ್ಟೆ ಒಡೆಸಿ ಮಣ್ಣು ತೆಗೆಸಿ ನೋಡಿದರೆ, ಹೂತುಹೋಗಿದ್ದ ಕಾಂಡದ ತೊಗಟೆ ಕೊಳೆತು ಕೈಗೆ ಬರುತ್ತಿತ್ತು. ಕಾಂಡ ಗಾಳಿಗೆ ಒಡ್ಡಿಕೊಂಡಿರಬೇಕಾದದ್ದು. ಅದನ್ನು ಮಣ್ಣಲ್ಲಿ ಹೂತರೆ ಸದಾ ತೇವ, ಕೊಳೆಯದೆ ಇನ್ನೇನಾಗುತ್ತದೆ? ಆಗಿನಿಂದ ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಮರದ ಬುಡ. ಕಾಂಡ ಅಗಲವಾಗಿ ಬೇರಿಗೆ ತಿರುಗುವ ಜಾಗ ಕಣ್ಣಿಗೆ ಕಾಣಬೇಕು. ನೆಟ್ಟ ಕಂಬದ ಹಾಗೆ ನೇರವಾಗಿ ನೆಲಕ್ಕಿಳಿದಿದ್ದರೆ ಯಾರೋ ಮಣ್ಣು ಏರಿಸಿದ್ದಾರೆ ಅಂತ ಅರ್ಥ.

ಕಾಲಿಗೆ ಕೆಸರು ಅಂಟುತ್ತದೆ ಅನ್ನುವುದು ನಿಜ. ಹಿತ್ತಲ ಬಾಗಿಲಿನಿಂದ ಬಟ್ಟೆ ಒಗೆಯುವ ಕಲ್ಲಿನವರೆಗೆ ಮೂರಡಿ ಅಗಲಕ್ಕೆ ಚಪ್ಪಡಿ ಕಲ್ಲು ಹಾಸಿಸು, ಮರಳಿನ ಮೇಲೆ, ಸಿಮೆಂಟ್ ಇಲ್ಲದೆ. ತರಗೆಲೆಯನ್ನು ಗುಡಿಸಿ ಕಸದ ಗಾಡಿಗೆ ಕೊಡಬೇಡ, ಸುಡಲೂ ಬೇಡ. ಮರದ ಕೆಳಗೇ ಮೂರು ನಾಲ್ಕು ಇಂಚು ಹರಡು, ಕಾಂಡಕ್ಕೆ ತಾಗದ ಹಾಗೆ ಒಂದು ಗೇಣು ಬಿಟ್ಟು. ಅದೇ ಗೊಬ್ಬರ.

ಇನ್ನು ರಸಪುರಿ ಮಾವು. ನಿನ್ನ ಅಮ್ಮ ಹುಟ್ಟಿದ ವರ್ಷ ತಾತ ನೆಟ್ಟಿದ್ದು. ನೆರಳು ಜಾಸ್ತಿಯಾಯಿತು ಅಂತ ಈಗ ಕೊಂಬೆ ಕಡಿಸಲು ಹೊರಟಿದ್ದೀಯ ಅಲ್ವಾ? ದಸರಾ ಮುಗಿದ ಮೇಲೆ ಮಾವನ್ನು ಮುಟ್ಟಬಾರದಪ್ಪ. ಈಗ ಬಲಿತಿರುವ ಚಿಗುರಿನ ತುದಿಯಲ್ಲೇ ಡಿಸೆಂಬರ್, ಜನವರಿಗೆ ಹೂ ಬರುವುದು. ಈಗ ಕಡಿದರೆ ಹಣ್ಣನ್ನೇ ಕಡಿದಂತೆ. ಹಣ್ಣು ಮುಗಿದ ಕೂಡಲೇ, ಜೂನ್ ಜುಲೈನಲ್ಲಿ ಮಾಡಿಸು. ಮಳೆ ನಿಂತ ಮೇಲೆ ನೀರೂ ಬೇಡ. ನೀರು ಕೊಟ್ಟರೆ ಹೂ ಬಿಡುವ ಬದಲು ಚಿಗುರುತ್ತಾ ಕೂರುತ್ತದೆ. ಕಾಯಿ ಬಟಾಣಿ ಗಾತ್ರಕ್ಕೆ ಬಂದ ಮೇಲೆ ಕೊಡು.

ಕಡಿಸುವಾಗ ಮಚ್ಚಿನವನನ್ನು ಕರೆಯಬೇಡ. ಮೇಲಿನಿಂದ ಹೊಡೆದರೆ ಕೊಂಬೆಯ ಭಾರಕ್ಕೆ ತೊಗಟೆ ಕಾಂಡದವರೆಗೂ ಸೀಳಿ ಬರುತ್ತದೆ. ಗರಗಸದಲ್ಲಿ, ಕಾಂಡದಿಂದ ಒಂದಡಿ ಆಚೆ, ಮೊದಲು ಕೆಳಗಡೆಯಿಂದ ಸ್ವಲ್ಪ ಕೊಯ್ಯಬೇಕು. ಅದಕ್ಕಿಂತ ಎರಡು ಬೆರಳು ಆಚೆ ಮೇಲಿನಿಂದ ಪೂರ್ತಿ. ಭಾರ ಬಿದ್ದ ಮೇಲೆ ಉಳಿದ ಮೋಟನ್ನು ಕೊಯ್ಯಬೇಕು. ಕೊಂಬೆ ಹುಟ್ಟುವಲ್ಲಿ ಬಳೆ ತೊಟ್ಟ ಹಾಗೆ ಉಬ್ಬಿರುತ್ತದಲ್ಲ, ಅದನ್ನು ಉಳಿಸಬೇಕು. ಗಾಯ ಕೂಡಿಕೊಳ್ಳುವುದು ಅಲ್ಲಿಂದಲೇ. ಮೇಲೆ ಬೋರ್ಡೋ ಮುಲಾಮು ಬಳಿ. ಮೈಲುತುತ್ತ 100 ಗ್ರಾಂ, ಸುಣ್ಣ 100 ಗ್ರಾಂ, ಅರ್ಧರ್ಧ ಲೀಟರ್ ನೀರಿನಲ್ಲಿ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ, ಕಬ್ಬಿಣದ ಪಾತ್ರೆ ಬೇಡ. ಹಳೇ ಕಬ್ಬಿಣದ ಚಾಕು ಅದ್ದಿ ನೋಡು, ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದು ಅಂತ. ಮಕ್ಕಳ ಕೈಗೆ ಸಿಗದಂತೆ ಇಡು, ಅದು ವಿಷ.

ಮಾವಿನ ಕಾಂಡದಲ್ಲಿ ತೂತು ಕಂಡು ಕೆಳಗೆ ಮರದ ಹೊಟ್ಟು ಉದುರಿದ್ದರೆ ಒಳಗೆ ಕಾಂಡಕೊರಕ ಇದೆ. ಸೈಕಲ್ ಕಡ್ಡಿ ತೂರಿಸಿ ಚುಚ್ಚು, ಸೀಮೆಎಣ್ಣೆ ಹತ್ತಿ ತುರುಕಿ ಹಸಿ ಮಣ್ಣು ಮೆತ್ತು. ಕೊಂಬೆಯ ಮೇಲೆ ಬೇರೆ ಥರದ ಎಲೆಯ ಪೊದೆ ಕಂಡರೆ ಅದು ಬದನಿಕೆ. ಹಕ್ಕಿ ಬೀಜ ತಂದು ಅಂಟಿಸಿರುತ್ತದೆ. ಅದನ್ನು ಸುಮ್ನೆ ಕಿತ್ತರೆ ಮತ್ತೆ ಚಿಗುರುತ್ತದೆ. ಅಂಟಿದ ಜಾಗಕ್ಕಿಂತ ಕೆಳಗೆ ಕೊಂಬೆಯನ್ನೇ ತೆಗೆಯಬೇಕು. ಇದಕ್ಕೆ ಮಾತ್ರ ಕಾಯಬೇಡ.

ತೆಂಗಿನ ವಿಷಯ ಒಂದೇ ಮಾತು. ಮರ ಹತ್ತುವವನು ಸ್ವಚ್ಛ ಮಾಡುತ್ತೇನೆ ಅಂತ ಹಸಿರು ಗರಿ ಕಡಿಯಲು ಬಂದರೆ ತಡೆ. ಒಂದೊಂದು ಗರಿಯ ಕಂಕುಳಲ್ಲೂ ಒಂದೊಂದು ಹೊಂಬಾಳೆ. ಒಣಗಿದ್ದನ್ನಷ್ಟೇ ಇಳಿಸಲಿ. ಕಾಯಿ ಸುಲಿದ ಮಟ್ಟೆ ಎಸೆಯಬೇಡ. ಬುಡದಿಂದ ಐದಾರು ಅಡಿ ದೂರದಲ್ಲಿ ಕಾಲುವೆ ತೋಡಿ, ಒಳಭಾಗ ಮೇಲೆ ಮಾಡಿ ಹೂತರೆ ಮಳೆ ನೀರು ಹಿಡಿದಿಟ್ಟುಕೊಳ್ಳುತ್ತದೆ.

ಕಾಂಪೌಂಡಿನ ಬೇವಿನ ಎಲೆ ಪಕ್ಕದ ಮನೆಗೆ ಬೀಳುತ್ತದೆ ಅಂತ ಜಗಳವಂತೆ. ಕಡಿಸುತ್ತೇನೆ ಅಂತ ಮಾತು ಕೊಟ್ಟುಬಿಡಬೇಡ. 1976ರ ಮರ ಸಂರಕ್ಷಣೆ ಕಾನೂನು ನಮ್ಮದೇ ಹಿತ್ತಲಿಗೂ ಅನ್ವಯಿಸುತ್ತದೆ. ತೆಂಗಿನಂಥ ಕೆಲವಕ್ಕೆ ವಿನಾಯಿತಿ ಇದೆ, ಮಿಕ್ಕವಕ್ಕೆ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ಆಚೆ ಬಾಗಿದ ಒಂದೆರಡು ಕೊಂಬೆ ಸವರಿಸಲು ಏನು ಮಾಡಬೇಕು ಅಂತಲೂ ಅಲ್ಲೇ ಕೇಳು. ಪಕ್ಕದವರಿಗೆ ಬರುವ ವರ್ಷ ಒಂದು ಬುಟ್ಟಿ ರಸಪುರಿ ಕೊಡು.

ಮುಖ್ಯವಾದದ್ದೇ ಮರೆತೆ. ಮಾವಿಗೆ ತಾತ ಬಟ್ಟೆ ಹರವಲು ತಂತಿ ಕಟ್ಟಿದ್ದರು. ಇನ್ನೂ ಇದೆಯಾ? ಎಲೆ ಮಾಡಿದ ಆಹಾರ ಬೇರಿಗೆ ಇಳಿಯುವುದು ತೊಗಟೆಯೊಳಗೆ. ತಂತಿ ಬಿಗಿದರೆ ಅದಕ್ಕೆ ಕತ್ತು ಹಿಸುಕಿದಂತೆ. ಸಡಿಲ ಇದ್ದರೆ ಇವತ್ತೇ ಕತ್ತರಿಸು. ತೊಗಟೆ ಅದನ್ನು ನುಂಗಿಬಿಟ್ಟಿದ್ದರೆ ಎಳೆಯಬೇಡ, ಫೋಟೋ ಕಳಿಸು. ಸಂಕ್ರಾಂತಿಗೆ ನಾನೇ ಬರುತ್ತೇನೆ, ಇಕ್ಕಳ ಹುಡುಕಿಟ್ಟಿರು.

ಇತಿ,
ನಿನ್ನ ದೊಡ್ಡಮ್ಮ