ಹೆಸರು ಒಂದೇ, ಹುಳು ಒಂದೇ ಅಲ್ಲ

ಮಾನ್ಯ ಸಂಪಾದಕರೇ,

ಮೆಕ್ಕೆಜೋಳದ ಸೈನಿಕ ಹುಳುವಿನ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ಔಷಧಿಗೆ ಹುಳು ಸಾಯಲಿಲ್ಲ ಎಂದರೆ ಹೊಡೆದ ರೀತಿಯೇ ಸರಿಯಿಲ್ಲ ಎಂಬ ಧಾಟಿ ಅದರಲ್ಲಿತ್ತು. ಎಷ್ಟೋ ಸಲ ಅದು ನಿಜ. ಹುಳು ಸುಳಿಯೊಳಗೆ ಇಳಿದು, ಮೇಲೆ ಮರದ ಹೊಟ್ಟಿನಂಥ ಹಿಕ್ಕೆ ತುಂಬಿಕೊಂಡರೆ ಔಷಧಿ ಅದನ್ನು ಮುಟ್ಟುವುದೇ ಕಷ್ಟ. ಆದರೆ ಪ್ರತಿ ಸಲವೂ ತಪ್ಪು ಹೊಡೆದವರದ್ದೇ ಅನ್ನುವ ಮುಂಚೆ, ಆ ಹುಳು ಎಂಥದ್ದು ಅಂತ ನೋಡಬೇಕಲ್ವಾ?

ಈ ಹುಳುವಿನ ಮೂಲ ಅಮೆರಿಕ ಖಂಡ. 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿಕೊಂಡಿತು, 2018ರಲ್ಲಿ ಭಾರತಕ್ಕೆ ಬಂತು, 2020ರ ಹೊತ್ತಿಗೆ ಆಸ್ಟ್ರೇಲಿಯಾ ಮುಟ್ಟಿತ್ತು. ಎಲ್ಲಿ ಹಿಡಿದರೂ ಒಂದೇ ಗುರುತು: ತಲೆಯ ಮೇಲೆ ತಲೆಕೆಳಗಾದ 'ವೈ', ಬಾಲದ ಹತ್ತಿರ ಚೌಕವಾಗಿ ನಾಲ್ಕು ಚುಕ್ಕೆ. ಆದರೆ ಅಮೆರಿಕದಲ್ಲೇ ಇದರಲ್ಲಿ ಎರಡು ಬಗೆ ಇವೆ, ಮೆಕ್ಕೆಜೋಳದ್ದು ಮತ್ತು ಭತ್ತದ್ದು. ಕಣ್ಣಿಗೆ ಎರಡೂ ಒಂದೇ. ಬೇರೆ ಅಂತ ಗೊತ್ತಾಗುವುದು ಡಿಎನ್‌ಎ ನೋಡಿದಾಗಲೇ.

ಹೊರಗೆ ಹರಡಿದ ಹುಳುಗಳಲ್ಲಿ ತಮಾಷೆ ಇನ್ನೂ ಜಾಸ್ತಿ. ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯದ ಡಿಎನ್‌ಎ ನೋಡಿದರೆ ಬಹಳಷ್ಟು ಹುಳುಗಳು 'ಭತ್ತದ ಬಗೆ'. ಅದೇ ಹುಳುಗಳ ಲಿಂಗ ವರ್ಣತಂತುವಿನ ಮೇಲಿರುವ ಟಿಪಿಐ ಎಂಬ ಜೀನ್ ನೋಡಿದರೆ 'ಮೆಕ್ಕೆಜೋಳದ ಬಗೆ'. ಅಂದರೆ ಹಿಂದೆಲ್ಲೋ ಎರಡೂ ಬೆರೆತಿವೆ. ಹುಳು ಮೆಕ್ಕೆಜೋಳವನ್ನೇ ಹೆಚ್ಚಾಗಿ ತಿನ್ನುತ್ತಿರುವುದು ನೋಡಿದರೆ ಟಿಪಿಐ ಮಾತನ್ನೇ ನಂಬಬೇಕು ಅನ್ನಿಸುತ್ತದೆ. ಒಂದೇ ಜೀನ್ ನೋಡಿ 'ಭತ್ತಕ್ಕೂ ಅಪಾಯ' ಎಂದು ದೊಡ್ಡ ತಲೆಬರಹ ಕೊಡುವವರು ಇದನ್ನು ಗಮನಿಸಿದರೆ ಒಳ್ಳೆಯದು.

ಇನ್ನು ಔಷಧಿಯ ವಿಷಯ. ಕೆರಿಬಿಯನ್ ದ್ವೀಪ ಪೋರ್ಟೊರಿಕೊದಲ್ಲಿ ಈ ಹುಳು, ತನ್ನೊಳಗೇ ಹುಳು ಕೊಲ್ಲುವ ವಿಷ ತಯಾರಿಸುವ ಬಿಟಿ ಮೆಕ್ಕೆಜೋಳವನ್ನೂ ಅರಗಿಸಿಕೊಂಡಿತು. ಹುಳುವಿನ ಎಬಿಸಿಸಿ2 ಎಂಬ ಜೀನ್ ಕೆಟ್ಟು, ಆ ಬೆಳೆಯಲ್ಲಿದ್ದ ಕ್ರೈ1ಎಫ್ ಎಂಬ ವಿಷ ಹುಳುವಿಗೆ ತಟ್ಟದಂತಾಯಿತು. ಆರ್ಗನೋಫಾಸ್ಫೇಟ್ ಎಂಬ ಗುಂಪಿನ ಕೀಟನಾಶಕಗಳನ್ನು ತಡೆದುಕೊಳ್ಳುವ ಜೀನ್ ಬದಲಾವಣೆಗಳು ಹೊಸ ದೇಶಗಳ ಹುಳುಗಳಲ್ಲೂ ಸಿಕ್ಕಿವೆ. ಹೀಗಿರುವಾಗ ಒಂದು ಕಡೆ ಕೆಲಸ ಮಾಡಿದ ಔಷಧಿ ಇನ್ನೊಂದು ಕಡೆಯೂ ಮಾಡುತ್ತದೆ ಅಂತ ಸುಮ್ನೆ ಹೇಳಿಬಿಡಲು ಆಗದು.

ನಾನು ಕೆಲವು ವರ್ಷ ಪ್ರಯೋಗಾಲಯದಲ್ಲಿ ಈ ಹುಳು ಸಾಕಿದ್ದೇನೆ. ಮೊದಲ ಸಲ ಹತ್ತು ಹುಳುಗಳನ್ನು ಒಂದೇ ಡಬ್ಬಿಗೆ ಹಾಕಿದ್ದೆ. ಎರಡು ದಿನ ಬಿಟ್ಟು ಮುಚ್ಚಳ ತೆಗೆದರೆ ದಪ್ಪಗಿನ ಮೂರೇ ಇದ್ದವು, ಉಳಿದವನ್ನು ಅವೇ ತಿಂದು ಮುಗಿಸಿದ್ದವು. ಆಮೇಲೆ ಒಂದೊಂದಕ್ಕೂ ಒಂದೊಂದು ಬಟ್ಟಲು. ನೂರಾರು ಬಟ್ಟಲು ತೊಳೆದು, ಮೇವು ಹಾಕಿ, ಆಮೇಲೆ ಔಷಧಿ ಕೊಟ್ಟು ಸಾವು ಎಣಿಸಬೇಕು. ಡಿಎನ್‌ಎ ಪರೀಕ್ಷೆಗೆ ಇಷ್ಟು ಪಾಡಿಲ್ಲ, ಈ ಹುಳುವೇ ಬೆಳೆದು ಪತಂಗವಾಗುತ್ತದಲ್ಲ, ಸತ್ತ ಪತಂಗದ ಒಂದು ಕಾಲು ಸಾಕು. ಅದೊಂದರಿಂದಲೇ ಎಲ್ಲ ತಿಳಿಯುವುದಿಲ್ಲ, ನಿಜ. ಆದರೂ ಎಲ್ಲಿ ಹುಳು ಸಾಕಿ ನೋಡಬೇಕು ಅನ್ನುವುದಾದರೂ ಗೊತ್ತಾಗುತ್ತದೆ.

ಒಮ್ಮೆ ನೋಡಿ ಬಿಟ್ಟರೂ ಆಗದು. ಪತಂಗ ಒಂದೇ ರಾತ್ರಿಯಲ್ಲಿ ನೂರು ಕಿಲೋಮೀಟರ್ ಹಾರಬಲ್ಲದು, ಹೋದ ವರ್ಷದ ಹುಳು ಈ ವರ್ಷವೂ ಅದೇ ಇರಬೇಕೆಂದಿಲ್ಲ. ಆದ್ದರಿಂದ ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನು ಸೆಳೆಯುವ ಮೋಹಕ ಬಲೆಗೆ ಬಿದ್ದ ಪತಂಗಗಳನ್ನು ಎಣಿಸಿ ಎಸೆಯುವವರಲ್ಲಿ ನನ್ನದೊಂದು ವಿನಂತಿ. ಪ್ರತಿ ಬಲೆಯಿಂದ ನಾಲ್ಕಾರನ್ನು ಆಲ್ಕೋಹಾಲ್ ಇರುವ ಸೀಸೆಗೆ ಹಾಕಿ, ದಿನ ಮತ್ತು ಜಾಗ ಬರೆದಿಡಿ. ಬರೆಯುವುದು ಪೆನ್ಸಿಲ್ಲಿನಲ್ಲೇ ಇರಲಿ, ಪೆನ್ನಿನ ಶಾಯಿ ಕರಗಿಹೋಗುತ್ತದೆ. ಫಾರ್ಮಲಿನ್ ಮಾತ್ರ ಬೇಡ, ಅದರಲ್ಲಿ ಡಿಎನ್‌ಎ ಹಾಳಾಗುತ್ತದೆ.

ಇಂತಿ,
ನಿಮ್ಮ ಓದುಗ