ಡಿಸ್ಕ್ ಬಾಡಿಗೆ ನಿಲ್ಲಿಸುತ್ತಿದ್ದೇವೆ, ರಿಪೇರಿ ಟೇಬಲ್ ಅಲ್ಲೇ ಇರುತ್ತದೆ

ನಮ್ಮ ಮೆಂಬರ್‌ಗಳಿಗೆಲ್ಲ ನಮಸ್ಕಾರ.

ಮೊದಲು ವಿಷಯ, ಆಮೇಲೆ ಕಥೆ. ಮುಂದಿನ ತಿಂಗಳ 1ನೇ ತಾರೀಖಿನಿಂದ ಪ್ಲೇಸ್ಟೇಷನ್ (ಟಿ.ವಿ.ಗೆ ಜೋಡಿಸಿ ಆಡುವ ಸೋನಿ ಕಂಪನಿಯ ಗೇಮ್ ಮಷೀನ್) ಡಿಸ್ಕ್‌ಗಳನ್ನು ಬಾಡಿಗೆಗೆ ಕೊಡುವುದನ್ನು ನಿಲ್ಲಿಸುತ್ತಿದ್ದೇವೆ. ನಿಮ್ಮ ಮನೆಯಲ್ಲಿರುವ ನಮ್ಮ ಡಿಸ್ಕ್‌ಗಳನ್ನು ಈ ತಿಂಗಳ ಕೊನೆಯೊಳಗೆ ತಂದುಕೊಡಿ. ಡಿಪಾಸಿಟ್ ಪೂರ್ತಿ ವಾಪಸ್ ಕೊಡುತ್ತೇವೆ. ರಸೀದಿ ಕಳೆದುಹೋಗಿದ್ದರೆ ಚಿಂತೆ ಬೇಡ, ಹಳೇ ರಿಜಿಸ್ಟರ್‌ನಲ್ಲಿ ಎಲ್ಲರ ಹೆಸರೂ ಇದೆ. ರಿಪೇರಿ ನಿಲ್ಲುವುದಿಲ್ಲ.

ಇಷ್ಟು ಓದಿ ಬಿಟ್ಟರೂ ಸಾಕು. ಆದರೆ ಕೌಂಟರ್‌ಗೆ ಬಂದವರೆಲ್ಲ "ಯಾಕೆ, ಲಾಸಾ?" ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅನ್ನಿಸಿತು.

ಹೋದ ದಸರಾ ರಜೆಯಲ್ಲಿ ಒಬ್ಬರು ಮಗನನ್ನು ಕರೆದುಕೊಂಡು ಬಂದಿದ್ದರು. 2009ರಿಂದ ನಮ್ಮಲ್ಲಿ ಮೆಂಬರ್ ಅವರು. ಶೆಲ್ಫ್ ಮುಂದೆ ನಿಂತು ಮಗನಿಗೆ "ಯಾವುದು ಬೇಕೋ ತಗೋ" ಅಂದರು. ಹುಡುಗ ಒಂದು ಡಬ್ಬಿ ತೆರೆದು ನೋಡಿದ. ಮುಚ್ಚಿ ಮತ್ತೆ ಅಲ್ಲೇ ಇಟ್ಟ. "ಅಪ್ಪಾ, ನಮ್ಮದಕ್ಕೆ ಡಿಸ್ಕ್ ಹಾಕೋ ಬಾಯೇ ಇಲ್ವಲ್ಲ" ಅಂದ. ಅಪ್ಪ ನಕ್ಕರು, ನಾವೂ ನಕ್ಕೆವು. ಅವರು ಹೋದ ಮೇಲೆ ನಾವಿಬ್ಬರು ಪಾರ್ಟ್‌ನರ್‌ಗಳು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆವು.

ಆ ಬಾಯಿ ಒಂದೇ ದಿನದಲ್ಲಿ ಮುಚ್ಚಿದ್ದಲ್ಲ. ಮೂವತ್ತು ವರ್ಷ ಹಿಡಿಯಿತು.

ಮೊದಲ ಪ್ಲೇಸ್ಟೇಷನ್ ಜಪಾನಿನಲ್ಲಿ ಅಂಗಡಿಗೆ ಬಂದದ್ದು 1994ರ ಡಿಸೆಂಬರ್ 3ಕ್ಕೆ. ಅದಕ್ಕೂ ಮುಂಚೆ ಸೋನಿಯವರು ಜಪಾನಿನದೇ ಇನ್ನೊಂದು ಗೇಮ್ ಕಂಪನಿ ನಿಂಟೆಂಡೊ ಜೊತೆ ಸೇರಿ ಸಿ.ಡಿ. ಹಾಕುವ ಮಷೀನ್ ಮಾಡಲು ಹೊರಟಿದ್ದರು. 1991ರಲ್ಲಿ ಆ ಸಂಬಂಧ ಮುರಿದುಬಿತ್ತು. ಸೋನಿಯ ಎಂಜಿನಿಯರ್ ಕೆನ್ ಕುತರಾಗಿ ಪಟ್ಟು ಬಿಡಲಿಲ್ಲ, ಕಂಪನಿ ತನ್ನದೇ ಮಷೀನ್ ಮಾಡಿತು. ಅತ್ತ ನಿಂಟೆಂಡೊ ಒಳಗೆ ಚಿಪ್ ಇರುವ ಗೇಮ್ ಕ್ಯಾಸೆಟ್‌ಗೇ ಅಂಟಿಕೊಂಡಿತು. ಕ್ಯಾಸೆಟ್ ಮಾಡಿಸುವುದು ದುಬಾರಿ, ಸಿ.ಡಿ. ಒತ್ತಿಸುವುದು ಅಗ್ಗ. ಒಂದು ಸಿ.ಡಿ.ಯಲ್ಲಿ 650 ಎಂಬಿ ಹಿಡಿಯುತ್ತಿತ್ತು. ಮಷೀನಿನ ಮೆಮೊರಿ ಎಷ್ಟು ಗೊತ್ತಾ? 2 ಎಂಬಿ. ಅಂದರೆ ಆಟ ಇದ್ದದ್ದೇ ಡಿಸ್ಕ್‌ನಲ್ಲಿ. ಮಷೀನ್ ಅದರಿಂದ ಸ್ವಲ್ಪ ಸ್ವಲ್ಪವೇ ಮೊಗೆದುಕೊಂಡು ಆಡಿಸುತ್ತಿತ್ತು. ಪಾಪ, ಡಿಸ್ಕ್ ಓದುವ ಲೆನ್ಸ್‌ಗೆ ಬಿಡುವೇ ಇರುತ್ತಿರಲಿಲ್ಲ. ಮೊದಲ ಮಾದರಿಗಳಲ್ಲಿ ಲೆನ್ಸ್ ಓಡಾಡುವ ಹಳಿ ಪ್ಲಾಸ್ಟಿಕ್. ಅದು ಬಿಸಿಗೆ ಸವೆದರೆ ಲೆನ್ಸ್ ವಾಲುತ್ತಿತ್ತು. ಆಗ ಜನ ಮಷೀನನ್ನೇ ತಲೆಕೆಳಗಾಗಿ ಇಟ್ಟು ಆಡುತ್ತಿದ್ದರು. ತಮಾಷೆಯಲ್ಲ, ಓಡುತ್ತಿತ್ತು ಕೂಡ.

ನಮ್ಮ ಅನ್ನದ ದಾರಿ ತೆರೆದದ್ದು ಪಿಎಸ್2, ಅಂದರೆ ಎರಡನೇ ಪ್ಲೇಸ್ಟೇಷನ್. 2000ದ ಮಾರ್ಚ್ 4ರಂದು ಜಪಾನಿನಲ್ಲಿ ಶುರುವಾಗಿ 2013ರ ಆರಂಭದವರೆಗೂ ತಯಾರಾದ ಮಷೀನ್ ಅದು. 15 ಕೋಟಿಗಿಂತ ಜಾಸ್ತಿ ಮಾರಾಟವಾಯಿತು. ಡಿ.ವಿ.ಡಿ. ಸಿನಿಮಾ ನೋಡಬಹುದು ಅನ್ನುವ ನೆಪ ಹೇಳಿ ಎಷ್ಟು ಮಕ್ಕಳು ಅಪ್ಪಂದಿರ ಹತ್ತಿರ ಕೊಡಿಸಿಕೊಂಡರೋ ಲೆಕ್ಕವಿಲ್ಲ. ಇದರೊಳಗೆ ಮೊದಲ ಪ್ಲೇಸ್ಟೇಷನ್‌ನ ಚಿಪ್ಪೂ ಇತ್ತು. ಪಿಎಸ್2 ಆಟ ಆಡುವಾಗ ಆ ಚಿಪ್ ಕಂಟ್ರೋಲರ್, ಮೆಮೊರಿ ಕಾರ್ಡ್ ನೋಡಿಕೊಳ್ಳುತ್ತಿತ್ತು. ಹಳೇ ಡಿಸ್ಕ್ ಹಾಕಿದರೆ ಅದೇ ಎದ್ದು ಆಟ ನಡೆಸುತ್ತಿತ್ತು. ಹಳೇ ಡಿಸ್ಕ್ ಎಸೆಯಬೇಕಾಗಿರಲಿಲ್ಲ. ನಮ್ಮ ಪ್ರಕಾರ ಅದಕ್ಕಿಂತ ಮರ್ಯಾದೆಯ ಮಷೀನ್ ಬಂದೇ ಇಲ್ಲ.

ಆಗ ಅಂಗಡಿಗೆ ಬರುತ್ತಿದ್ದದ್ದು ಎರಡು ಥರದ ದೂರು. ಒಂದು, ಅಮೆರಿಕದಲ್ಲಿದ್ದ ಅಣ್ಣನೋ ಚಿಕ್ಕಪ್ಪನೋ ತಂದುಕೊಟ್ಟ ಮೊದಲ ಮಾದರಿಯ ಪಿಎಸ್2. ಅಲ್ಲಿನ ಕರೆಂಟ್ 120 ವೋಲ್ಟ್, ನಮ್ಮದು 230. ಏರ್‌ಪೋರ್ಟ್‌ನಿಂದ ಮನೆಗೆ ಬಂದ ಖುಷಿಯಲ್ಲಿ ನೇರ ಪ್ಲಗ್ಗಿಗೆ ಸಿಕ್ಕಿಸಿದರೆ 'ಟಪ್' ಅಂತ ಒಂದು ಸದ್ದು, ಆಮೇಲೆ ಸುಟ್ಟ ವಾಸನೆ. ಅದನ್ನು ಸರಿ ಮಾಡಿಸಿದರೂ ಇಲ್ಲಿ ಕೊಂಡ ಡಿಸ್ಕ್ ಅದರಲ್ಲಿ ಓಡುತ್ತಿರಲಿಲ್ಲ, ಅಲ್ಲಿಯದು ಇಲ್ಲಿನ ಮಷೀನಿನಲ್ಲಿ ಓಡುತ್ತಿರಲಿಲ್ಲ. ಒಂದೊಂದು ಭಾಗದ ಜಗತ್ತಿಗೆ ಒಂದೊಂದು ಬೀಗ ಹಾಕಿದ್ದರು. ಅದಕ್ಕೇ ಬಂದವರೆಲ್ಲ ಮೆಲ್ಲಗೆ "ಚಿಪ್ ಹಾಕಿಕೊಡ್ತೀರಾ?" ಅಂತ ಕೇಳುತ್ತಿದ್ದರು. ಬೀಗ ಒಡೆಯೋಕೆ ಅಂತ ಬಾಯಲ್ಲಿ ಹೇಳಿದರೂ ಬೇಕಾಗಿದ್ದದ್ದು ಫುಟ್‌ಪಾತ್ ಕಾಪಿ ಡಿಸ್ಕ್ ಓಡಿಸೋಕೆ. ಇದು ನಮಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಇನ್ನೊಂದು ದೂರು 'ಡಿಸ್ಕ್ ರೀಡ್ ಎರರ್'. ಇದರ ಮೂಲ ಬಹಳ ಸಲ ದೇವರ ಮನೆ. ಟಿ.ವಿ. ಸ್ಟ್ಯಾಂಡ್ ಪಕ್ಕದ ಗೂಡಿನಲ್ಲಿ ದೇವರ ಫೋಟೊ, ದಿನಾ ಎರಡು ಹೊತ್ತು ಊದುಬತ್ತಿ. ಮೈಸೂರಿನ ಮನೆ ಅಂದಮೇಲೆ ಕೇಳಬೇಕೇ. ಆ ಹೊಗೆ ಒಳಗೆ ಹೋಗಿ ಲೆನ್ಸ್ ಮೇಲೆ ತೆಳ್ಳಗೆ ಜಿಡ್ಡಿನ ಪರದೆ ಕಟ್ಟುತ್ತದೆ. ಲೆನ್ಸ್ ಅಂದರೆ ಕಡಲೆಬೇಳೆಯಷ್ಟು ಚಿಕ್ಕದು, ಅಷ್ಟೇ. ಮುಚ್ಚಳ ತೆಗೆದು, ಇಯರ್ ಬಡ್‌ಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ತೊಟ್ಟು ಹಾಕಿ, ಒತ್ತದೆ ಒಂದು ಸುತ್ತು ಒರೆಸಬೇಕು. ಬಡ್ ಹಳದಿಯಾಗಿ ಬರುತ್ತಿತ್ತು. ಮೂಸಿದರೆ ಗಂಧದ ವಾಸನೆ! ಅದಕ್ಕೂ ಬಗ್ಗದಿದ್ದರೆ ದಪ್ಪ ಮಾದರಿಯಲ್ಲಿ ಡ್ರೈವ್ ಪಕ್ಕ ಒಂದು ಚಿಕ್ಕ ಬಿಳಿ ಗೇರ್ ಇದೆ. ಮೊದಲು ಮಾರ್ಕರ್‌ನಿಂದ ಗುರುತು ಹಾಕಿ, ಒಂದೊಂದೇ ಹಲ್ಲು ತಿರುಗಿಸಿ, ಪ್ರತಿ ಸಲವೂ ಡಿಸ್ಕ್ ಹಾಕಿ ನೋಡಬೇಕು. ಗುರುತು ಹಾಕದೆ ಮನೆಯಲ್ಲೇ ತಿರುಗಿಸಿ ತಂದವರ ಮಷೀನ್‌ಗಳ ಮುಂದೆ ಎಷ್ಟು ಮಧ್ಯಾಹ್ನ ಕಳೆದಿದ್ದೇವೋ.

ಬಾಡಿಗೆ ಶುರು ಮಾಡಿದ್ದು 2008ರಲ್ಲಿ. ಆಗ ಪಿಎಸ್2 ಡಿಸ್ಕ್‌ಗಳೇ ಜಾಸ್ತಿ. ಮಾರನೇ ವರ್ಷ ಹೈದರಾಬಾದಿನ ಅರೋನಾ ಟೆಕ್ನಾಲಜೀಸ್ ಮಾಡಿದ 'ಹನುಮಾನ್: ಬಾಯ್ ವಾರಿಯರ್' ಬಂತು. ನಮ್ಮ ದೇಶದಲ್ಲೇ ತಯಾರಾದ ಆಟ ಅಂತ ಹೆಮ್ಮೆಯಿಂದ ಮುಂದಿನ ಸಾಲಿನಲ್ಲಿ ಇಟ್ಟೆವು. ಆಟ ಹೇಗಿತ್ತು ಅಂತ ಮಾತ್ರ ಕೇಳಬೇಡಿ.

ಬಾಡಿಗೆಗೆ ನಿಜವಾದ ಸುಗ್ಗಿ ಅಂದರೆ ಪಿಎಸ್3. ಭಾರತದಲ್ಲಿ 2007ರ ಏಪ್ರಿಲ್‌ನಲ್ಲಿ ಬಂದಾಗ ಅದರ ಬೆಲೆ 39,990 ರೂಪಾಯಿ. ಅಷ್ಟು ಕೊಟ್ಟು ಮಷೀನ್ ತಂದವರು ಡಿಸ್ಕ್‌ಗೆ ಮತ್ತೆ ಸಾವಿರಗಟ್ಟಲೆ ಎಲ್ಲಿಂದ ತರಬೇಕು? ಬಾಡಿಗೆಗೆ ಬಂದರು. ಅದರ ಬ್ಲೂ-ರೇ ಡಿಸ್ಕ್ ನಮಗೂ ಇಷ್ಟ. ಒಂದು ಪದರದಲ್ಲೇ 25 ಜಿಬಿ, ಮೇಲೆ ಗಟ್ಟಿ ಲೇಪನ. ನಾಲ್ಕು ಮನೆ ಸುತ್ತಿ ಬಂದರೂ ಗೀರು ಕಡಿಮೆ. ಆಟಗಳಿಗೆ ದೇಶದ ಬೀಗವೂ ಹೋಯಿತು. ದುಬೈನಿಂದ ತಂದದ್ದೂ ಇಲ್ಲಿ ಓಡಿತು.

ಆದರೆ ಪಿಎಸ್3 ಒಳಗೆ ಹಾರ್ಡ್ ಡಿಸ್ಕ್ ಕೂತಿತ್ತು, ಜೊತೆಗೆ ಆನ್‌ಲೈನ್ ಅಂಗಡಿ. ಡಿಸ್ಕ್ ಇಲ್ಲದೆಯೂ ಆಟ ಕೊಳ್ಳಬಹುದು ಅನ್ನುವುದು ಅಲ್ಲಿಂದ ಶುರು. ನಾವು ಆಗ ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ. 2011ರ ಏಪ್ರಿಲ್‌ನಲ್ಲಿ ಹ್ಯಾಕ್ ಆಗಿ ಸೋನಿಯವರ ಆನ್‌ಲೈನ್ ನೆಟ್‌ವರ್ಕ್ 23 ದಿನ ಬಂದ್ ಆಯಿತು, ಸುಮಾರು 7.7 ಕೋಟಿ ಅಕೌಂಟ್‌ಗಳ ಮಾಹಿತಿ ಹೋಯಿತು. ಆಗ ಡಿಸ್ಕ್ ಇದ್ದವರು ಒಬ್ಬೊಬ್ಬರೇ ಆಡುವ ಆಟಗಳನ್ನು ಆರಾಮಾಗಿ ಆಡಿಕೊಂಡಿದ್ದರು. "ನೋಡಿ, ಡಿಸ್ಕ್‌ಗೆ ಸಾವಿಲ್ಲ" ಅಂತ ನಾವು ಕೌಂಟರ್‌ನಲ್ಲಿ ಕೊಚ್ಚಿಕೊಂಡೆವು.

2013ರ ಜೂನ್‌ನಲ್ಲಿ ಇನ್ನೂ ಖುಷಿಯಾಯಿತು. ಪಿಎಸ್4 ಬರುವ ಮುಂಚೆ ಸೋನಿಯವರು ಒಂದು ಪುಟ್ಟ ವಿಡಿಯೊ ಬಿಟ್ಟರು. ಆಟವನ್ನು ಇನ್ನೊಬ್ಬರ ಜೊತೆ ಹಂಚಿಕೊಳ್ಳುವುದು ಹೇಗೆ ಅಂತ. ಒಬ್ಬ ಡಿಸ್ಕ್ ಡಬ್ಬಿಯನ್ನು ಪಕ್ಕದವನ ಕೈಗೆ ಕೊಡುತ್ತಾನೆ. ಮುಗೀತು. ಅಂಗಡಿಯ ಟಿ.ವಿ.ಯಲ್ಲಿ ಅದನ್ನೇ ತಿರುಗಿಸಿ ತಿರುಗಿಸಿ ಹಾಕಿದ್ದೆವು.

ಮಷೀನ್ ಕೈಗೆ ಬಂದ ಮೇಲೆ ಗೊತ್ತಾಯಿತು, ಡಿಸ್ಕ್‌ನ ಕೆಲಸವೇ ಬದಲಾಗಿದೆ ಅಂತ. ಲೆಕ್ಕ ಹಾಕಿ ನೋಡಿ. ಪಿಎಸ್4ನ ಮೆಮೊರಿ 8 ಜಿಬಿ. ಅದರ ಡ್ರೈವ್ ಸೆಕೆಂಡಿಗೆ ಸುಮಾರು 27 ಎಂಬಿ ಓದುತ್ತದೆ. ಮೆಮೊರಿ ತುಂಬಲು ಐದು ನಿಮಿಷ ಬೇಕು. ಅಷ್ಟು ಹೊತ್ತು ಯಾರು ಕಾಯುತ್ತಾರೆ? ಅದಕ್ಕೇ ಎಲ್ಲ ಆಟವನ್ನೂ ಮೊದಲು ಹಾರ್ಡ್ ಡಿಸ್ಕ್‌ಗೆ ಇಳಿಸಿಕೊಳ್ಳುತ್ತದೆ. ಆಮೇಲೆ ಡಿಸ್ಕ್ ಬರೀ ಟಿಕೆಟ್. 'ಇದ್ದೀನಿ' ಅಂತ ಮುಖ ತೋರಿಸಿದರೆ ಸಾಕು. 'ರೆಡ್ ಡೆಡ್ ರಿಡೆಂಪ್ಷನ್ 2' ಬಂದಾಗಂತೂ ಡಬ್ಬಿಯಲ್ಲಿ ಎರಡು ಡಿಸ್ಕ್: ಒಂದು ಡೇಟಾ, ಒಂದು ಪ್ಲೇ. ಡೇಟಾ ಡಿಸ್ಕ್ ಒಂದು ಸಲ ಇಳಿಸಿಕೊಂಡ ಮೇಲೆ ಯಾರಿಗೂ ಬೇಡ. ಹಾಗಾಗಿ ಮೆಂಬರ್‌ಗಳು ಪ್ಲೇ ಡಿಸ್ಕ್ ಮಾತ್ರ ಡಬ್ಬಿಯಲ್ಲಿ ಇಟ್ಟು ವಾಪಸ್ ಕೊಡುತ್ತಿದ್ದರು. ನಾವೂ ನೋಡದೆ ಶೆಲ್ಫ್‌ಗೆ ಇಡುತ್ತಿದ್ದೆವು. ಮುಂದಿನವರು ಮನೆಗೆ ಹೋಗಿ ಫೋನ್ ಮಾಡಿ ಬೈಯುತ್ತಿದ್ದರು.

ಪಿಎಸ್5 ಭಾರತಕ್ಕೆ ಬಂದದ್ದು 2021ರ ಫೆಬ್ರವರಿ 2ರಂದು. ಆಗ ಡಿಸ್ಕ್ ಡ್ರೈವ್ ಇರುವುದಕ್ಕೆ 49,990 ರೂಪಾಯಿ ಇತ್ತು, ಇಲ್ಲದ ಡಿಜಿಟಲ್ ಎಡಿಷನ್‌ಗೆ 39,990. ಹತ್ತು ಸಾವಿರ ಉಳಿಯುತ್ತೆ ಅಂದರೆ ಯಾರು ಬಿಡುತ್ತಾರೆ? ಒಳಗಿನ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್ ಬದಲು ಬಂದ ಚಿಪ್ ಸ್ಟೋರೇಜ್) ಸೆಕೆಂಡಿಗೆ 5.5 ಜಿಬಿ ಓದುತ್ತದೆ, ಪಿಎಸ್4ನ ಡಿಸ್ಕ್ ಡ್ರೈವ್‌ಗಿಂತ ಇನ್ನೂರು ಪಟ್ಟು. ಇನ್ನು ಡಿಸ್ಕ್ ಯಾಕೆ ಅಂತ ಕೇಳಿದರೆ ಎಂಜಿನಿಯರ್‌ಗಳ ಹತ್ತಿರ ಉತ್ತರ ಇಲ್ಲ. 2023ರ ಸ್ಲಿಮ್ ಮಾದರಿಯಲ್ಲಿ ಡ್ರೈವ್ ಕಳಚಿಡುವ ಬಿಡಿ ಭಾಗವಾಯಿತು. 2024ರ ನವೆಂಬರ್‌ನ ಪಿಎಸ್5 ಪ್ರೋ ಮಾದರಿ ಡ್ರೈವ್ ಇಲ್ಲದೆಯೇ ಬಂತು. ಬೇಕಿದ್ದರೆ ಬೇರೆ ಕೊಂಡು ಸಿಕ್ಕಿಸಿಕೊಳ್ಳಿ ಅಂತ. ಇದರ ಮಧ್ಯೆ 2022ರಿಂದ ಸೋನಿಯ ಚಂದಾ ಸೇವೆ ಪ್ಲೇಸ್ಟೇಷನ್ ಪ್ಲಸ್‌ನ ಎಕ್ಸ್‌ಟ್ರಾ, ಡಿಲಕ್ಸ್ ಪ್ಲಾನ್‌ಗಳು ಬಂದವು. ನೂರಾರು ಆಟ ಕೂತಲ್ಲೇ ಸಿಗುತ್ತವೆ. ಮಳೆಯಲ್ಲಿ ಸ್ಕೂಟರ್ ಹತ್ತಿ ಸರಸ್ವತಿಪುರಂವರೆಗೆ ಯಾರು ಬರುತ್ತಾರೆ? ನಾವಾಗಿದ್ದರೂ ಬರುತ್ತಿರಲಿಲ್ಲ.

ಯಾರ ಮೇಲೂ ಕೋಪವಿಲ್ಲ. ಒಂದು ಮಾತು ಮಾತ್ರ. ಡೌನ್‌ಲೋಡ್ ಮಾಡಿದ ಆಟ ನಿಮ್ಮ ಅಕೌಂಟ್‌ಗೆ ಕಟ್ಟಿದ್ದು. ಅದನ್ನು ಪಕ್ಕದ ಮನೆಯವರಿಗೆ ಕೈಗಡ ಕೊಡೋಕೆ ಆಗಲ್ಲ, ಮಾರೋಕೂ ಆಗಲ್ಲ. 2021ರ ಮಾರ್ಚ್‌ನಲ್ಲಿ ಪಿಎಸ್3ರ ಆನ್‌ಲೈನ್ ಅಂಗಡಿ ಮುಚ್ಚುತ್ತೇವೆ ಅಂತ ಸೋನಿ ಹೇಳಿತ್ತು. ಜನ ಗಲಾಟೆ ಮಾಡಿದ ಮೇಲೆ ಏಪ್ರಿಲ್‌ನಲ್ಲಿ ಬೇಡ ಅಂತು. ಹಾಗಾಗಿ ನಮ್ಮನ್ನು ಕೇಳಿದರೆ, ಹೊಸದು ಕೊಳ್ಳುವವರು ಸ್ವಲ್ಪ ಜಾಸ್ತಿಯಾದರೂ ಡ್ರೈವ್ ಇರುವುದನ್ನೇ ತಗೊಳ್ಳಿ. ಬಾಡಿಗೆ ನಿಲ್ಲಿಸುವವರೇ ಹೀಗೆ ಹೇಳ್ತಾರಲ್ಲ ಅನ್ನಬಹುದು. ವ್ಯಾಪಾರ ಬೇರೆ, ಸಲಹೆ ಬೇರೆ.

ಇನ್ನು ಮುಂದಿನ ವ್ಯವಸ್ಥೆ. ಶೆಲ್ಫ್‌ನಲ್ಲಿರುವ ಡಿಸ್ಕ್‌ಗಳನ್ನು ಮಾರುತ್ತೇವೆ. ಮೊದಲ ಎರಡು ವಾರ ಮೆಂಬರ್‌ಗಳಿಗೆ ಮಾತ್ರ. ಡಿಪಾಸಿಟ್ ಹಣ ವಾಪಸ್ ಬೇಡ, ಬದಲಿಗೆ ಡಿಸ್ಕ್ ಕೊಡಿ ಅಂದರೂ ಸರಿ. ಪಿಎಸ್5ಗೆ ಪಿಎಸ್4 ಡಿಸ್ಕ್‌ಗಳು ಹೆಚ್ಚುಕಡಿಮೆ ಎಲ್ಲವೂ ಆಗುತ್ತವೆ. ಪಿಎಸ್3 ಡಿಸ್ಕ್ ಆಗುವುದಿಲ್ಲ. ಇದನ್ನು ನೋಡಿ ಕೊಳ್ಳಿ, ಆಮೇಲೆ ಬಂದು ನಮ್ಮ ಜೊತೆ ಜಗಳ ಬೇಡ. ಪಿಎಸ್2, ಪಿಎಸ್3 ಲೆನ್ಸ್‌ಗಳು ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಸಿಗುವವರೆಗೂ ಹಾಕಿಕೊಡುತ್ತೇವೆ.

ರಿಪೇರಿಗೆ ತರುವವರಿಗೆ ಎರಡು ಮಾತು. ಪಿಎಸ್4, ಪಿಎಸ್5ರಲ್ಲಿ ಡ್ರೈವ್‌ನ ಬೋರ್ಡ್ ಆಯಾ ಮದರ್‌ಬೋರ್ಡ್‌ಗೆ ಜೋಡಿ. ಬೇರೆ ಮಷೀನಿನ ಡ್ರೈವ್ ಪೂರ್ತಿ ತಂದು ಕೂರಿಸಿದರೆ ಆಟ ಓದುವುದಿಲ್ಲ. ಲೆನ್ಸ್ ಬದಲಾಯಿಸಬಹುದು, ಹಳೇ ಬೋರ್ಡ್ ಎಸೆಯಬೇಡಿ. ಸ್ಲಿಮ್‌ನ ಬಿಡಿ ಡ್ರೈವ್ ಹಾಗಲ್ಲ, ಮೊದಲ ಸಲ ಇಂಟರ್ನೆಟ್ ಹಾಕಿ ಜೋಡಿಸಿಕೊಳ್ಳಬೇಕು. ಇನ್ನೊಂದು, ಪಿಎಸ್5ರ ಪ್ರೊಸೆಸರ್ ಮೇಲೆ ಪೇಸ್ಟ್ ಅಲ್ಲ, ದ್ರವ ಲೋಹ ಇದೆ. ಯೂಟ್ಯೂಬ್ ನೋಡಿ ಅದರ ಬಿಸಿ ಎಳೆಯುವ ಹೀಟ್‌ಸಿಂಕ್ ಬಿಚ್ಚಬೇಡಿ. ಆ ಲೋಹ ಒಂದು ಹನಿ ಬೋರ್ಡ್ ಮೇಲೆ ಜಾರಿದರೂ ಶಾರ್ಟ್ ಆಗುತ್ತದೆ. ತರುವ ಮುಂಚೆ ಸೇವ್ ಫೈಲ್ ಬ್ಯಾಕಪ್ ಮಾಡಿಕೊಳ್ಳಿ. ಪಿಎಸ್4ರದ್ದು ಪೆನ್‌ಡ್ರೈವ್‌ಗೆ ಹೋಗುತ್ತದೆ. ಪಿಎಸ್5 ಆಟಗಳ ಸೇವ್ ಹಾಗೆ ಹೋಗುವುದಿಲ್ಲ, ಪ್ಲಸ್ ಚಂದಾ ಇದ್ದರೆ ಕ್ಲೌಡ್‌ಗೆ ಹಾಕಿ.

ಡಿಪಾಸಿಟ್ ವಾಪಸ್ ಕೊಡುವುದು ಸೋಮವಾರದಿಂದ ಶನಿವಾರದವರೆಗೆ, ಬೆಳಿಗ್ಗೆ 11ರಿಂದ ರಾತ್ರಿ 8. ಭಾನುವಾರ ರಿಪೇರಿ ಮಾತ್ರ.

ಕೊನೆಗೆ ಒಂದು ಕೋರಿಕೆ. 'ರೆಡ್ ಡೆಡ್' ಡೇಟಾ ಡಿಸ್ಕ್‌ಗಳು ಇನ್ನೂ ಮೂರು ಬಂದಿಲ್ಲ. ಟಿ.ವಿ. ಹಿಂದೆ, ಸೋಫಾ ಕೆಳಗೆ, ಬೇರೆ ಆಟದ ಡಬ್ಬಿಯಲ್ಲಿ ಒಂದು ಸಲ ನೋಡಿ. ಫೈನ್ ಇಲ್ಲ, ಯಾರು ಇಟ್ಟುಕೊಂಡಿದ್ದಿರಿ ಅಂತ ಕೇಳುವುದೂ ಇಲ್ಲ. ಶಟರ್ ಹಾಕಿದ್ದರೆ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಕೊಟ್ಟು ಹೋಗಿ.

ಇಂತಿ,
ನಿಮ್ಮ ಗೇಮ್ ಅಂಗಡಿಯವರು
ಮೈಸೂರು