ಬೇಗೂರಿನ ಕಲ್ಲಿನ ಮುಂದೆ ಸಿಕ್ಕ ಹಿರಿಯರಿಗೆ

ಭಾನುವಾರ ಸಂಜೆ ಬೇಗೂರಿನ ನಾಗನಾಥೇಶ್ವರ ದೇವಸ್ಥಾನದಲ್ಲಿ ಸಿಕ್ಕ, ಬಿಳಿ ಪಂಚೆ ಉಟ್ಟಿದ್ದ ಹಿರಿಯರೇ, ನಿಮ್ಮ ಹೆಸರು ಕೇಳುವುದು ಮರೆತೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಸುಮಾರು 890ರ ಆ ವೀರಗಲ್ಲಿನಲ್ಲಿ ಬೆಂಗಳೂರಿನ ಹೆಸರಿದೆ ಎಂದು ಓದಿ ಬಂದಿದ್ದೆ. ಎಷ್ಟು ನೋಡಿದರೂ ಒಂದಕ್ಷರವೂ ಕಾಣಲಿಲ್ಲ. ಚೀಲದಿಂದ ಸೀಮೆಸುಣ್ಣ ತೆಗೆದಾಗ ನೀವು ಮೆಲ್ಲಗೆ ತಡೆದಿರಿ. "ಬೇಡಮ್ಮ, ಕಲ್ಲಿಗೆ ಪೆಟ್ಟಾಗುತ್ತೆ. ಬೆಳಕು ಸಾಕು" ಅಂದಿರಿ. ನನ್ನ ಮೊಬೈಲಿನ ಟಾರ್ಚನ್ನು ಎದುರಿಗೆ ಹಿಡಿಯದೆ, ಪಕ್ಕದಿಂದ ಓರೆಯಾಗಿ ಬಿಟ್ಟಿರಿ. ಪ್ರತಿ ಗೀಟಿನೊಳಗೂ ನೆರಳು ನಿಂತಿತು. ಸವೆದ ಸಾಲುಗಳು ಒಂದೊಂದಾಗಿ ಎದ್ದು ಬಂದವು!

ಬೆಂಗಳೂರಿನ ಕಾಳಗದಲ್ಲಿ ಒಬ್ಬ ಸತ್ತ ಸುದ್ದಿ ಅದು. ಕೆಂಪೇಗೌಡರು ಕೋಟೆ ಕಟ್ಟಿದ್ದು 1537ರಲ್ಲಿ. ಅದಕ್ಕೂ ಆರು ನೂರು ವರ್ಷ ಮೊದಲೇ ಈ ಹೆಸರಿನ ಊರಿತ್ತು, ಅದಕ್ಕಾಗಿ ಜನ ಪ್ರಾಣ ಕೊಟ್ಟಿದ್ದರು ಅಲ್ವಾ? ಬೆರಳು ಕಲ್ಲಿಗೆ ತಾಗದಂತೆ ಸಾಲು ತೋರಿಸುತ್ತಾ ನೀವು ನಿಧಾನವಾಗಿ ಓದಿದ್ದು ಇನ್ನೂ ಕಿವಿಯಲ್ಲಿದೆ.

ನಿಮಗೆ ತುಂಬು ಮನಸ್ಸಿನ ಧನ್ಯವಾದ. ಮುಂದಿನ ಭಾನುವಾರ ಮಗಳನ್ನು ಕರೆದುಕೊಂಡು ಬರುತ್ತೇನೆ. ಟಾರ್ಚ್ ಅವಳೇ ಹಿಡಿಯುತ್ತಾಳಂತೆ.